‘ಅದರಿಂದ ನಿಮಗೇನು ಸಿಗುತ್ತೆ?’

ರಾತ್ರಿ ಹೊತ್ತು ಶಾರ್ಟ್‌ವೇವ್ ರೇಡಿಯೋದ ಮುಳ್ಳು ತಿರುಗಿಸುತ್ತಾ ಕೂರುವವರು ಈಗ ಅಪರೂಪ. ದೂರದ ದೇಶದ ಕೇಂದ್ರವೊಂದನ್ನು ಹುಡುಕಿ ಹಿಡಿಯುವುದು, ಎಷ್ಟು ಕಿಲೋಹರ್ಟ್ಸ್, ಎಷ್ಟು ಹೊತ್ತಿಗೆ, ಯಾವ ಕಾರ್ಯಕ್ರಮ ಎಂದು ಬರೆದು ಆ ಕೇಂದ್ರಕ್ಕೆ ವರದಿ ಕಳಿಸುವುದು, ‘ನೀವು ಕೇಳಿದ್ದು ನಮ್ಮನ್ನೇ’ ಎಂದು ಅವರು ಕಳಿಸುವ ಕ್ಯೂಎಸ್‌ಎಲ್ ಕಾರ್ಡನ್ನು ಡಬ್ಬಿಯಲ್ಲಿ ಜೋಡಿಸಿಡುವುದು. ಇಷ್ಟೇ. ಡಿಎಕ್ಸಿಂಗ್ ಎನ್ನುತ್ತಾರೆ. ಇಂಥವರು ಮದುವೆ ಮನೆಯಲ್ಲಿ ಸಿಕ್ಕರೆ ಊಟದ ಪಂಕ್ತಿಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ಅದರಿಂದ ನಿಮಗೇನು ಸಿಗುತ್ತೆ?’

ಈ ಪ್ರಶ್ನೆಯನ್ನು ಕೇಳುವವರು ದಿನಕ್ಕೆ ಮೂರು ಗಂಟೆ ಮೊಬೈಲಿನಲ್ಲಿ ರೀಲ್ಸ್ ನೋಡಬಲ್ಲರು. ಅದರಿಂದ ಏನು ಸಿಕ್ಕಿತೆಂದು ಅವರನ್ನು ಯಾರೂ ಕೇಳುವುದಿಲ್ಲ. ಎಲ್ಲರೂ ಮಾಡುವುದಕ್ಕೆ ಲೆಕ್ಕ ಬೇಡ, ಒಬ್ಬನೇ ಮಾಡುವುದಕ್ಕೆ ಮಾತ್ರ ಲೆಕ್ಕ ಬೇಕು.

ಆದರೆ ಪ್ರಶ್ನೆ ಕೇಳುವವರಿಗಿಂತ ಉತ್ತರ ಕೊಡುವವರ ಮೇಲೆ ನನಗೆ ಸಿಟ್ಟು ಹೆಚ್ಚು. ‘ಒತ್ತಡ ಕಡಿಮೆಯಾಗುತ್ತೆ’, ‘ವಯಸ್ಸಾದ ಮೇಲೆ ಮರೆವು ಬರಲ್ಲವಂತೆ’, ‘ಯೂಟ್ಯೂಬ್ ಚಾನೆಲ್ ಮಾಡಿದರೆ ನಾಲ್ಕು ಕಾಸೂ ಬರುತ್ತೆ’. ಹೀಗೆ ಹವ್ಯಾಸವನ್ನು ಮಾತ್ರೆಯಂತೆಯೋ ಅಂಗಡಿಯಂತೆಯೋ ತೋರಿಸಿ ಕ್ಷಮೆ ಗಿಟ್ಟಿಸುವವರು. ಇತಿಹಾಸ ಓದಿಕೊಂಡವರು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. ದೂರ ಸಂಪರ್ಕಕ್ಕೆ ಬಾರದವು ಎಂದುಕೊಂಡಿದ್ದ 200 ಮೀಟರು ಮತ್ತು ಅದಕ್ಕಿಂತ ಗಿಡ್ಡ ತರಂಗಗಳನ್ನು 1912ರ ಕಾನೂನಿನಲ್ಲಿ ಅಮೆರಿಕ ಹವ್ಯಾಸಿಗಳಿಗೆ ಬಿಟ್ಟುಕೊಟ್ಟಿತ್ತು. 1921ರ ಡಿಸೆಂಬರಿನಲ್ಲಿ ಪಾಲ್ ಗಾಡ್ಲಿ ಎಂಬಾತ ಸ್ಕಾಟ್‌ಲೆಂಡಿನ ಆರ್ಡ್ರೋಸನ್‌ನಲ್ಲಿ ಚಳಿಯಲ್ಲಿ ಡೇರೆ ಹಾಕಿ ಕೂತು ಅಟ್ಲಾಂಟಿಕ್ ಸಾಗರದಾಚೆಯ ಹವ್ಯಾಸಿಗಳ ಸಂಕೇತಗಳನ್ನು ಕೇಳಿಸಿಕೊಂಡ. ಆಮೇಲೆ ಶಾರ್ಟ್‌ವೇವ್ ಜಗತ್ತನ್ನೇ ಸುತ್ತಿತು. ನೋಡಿ, ಹವ್ಯಾಸದಿಂದ ಎಷ್ಟು ಉಪಯೋಗ!

ಕಥೆ ನಿಜ, ವಾದ ಮೋಸದ್ದು. ಒಬ್ಬ ಗಾಡ್ಲಿಯನ್ನು ತೋರಿಸಿ ಗೆದ್ದರೆ, ಏನನ್ನೂ ಕಂಡುಹಿಡಿಯದೆ ನಲವತ್ತು ವರ್ಷ ಬರೀ ಕೇಳಿದವನು ಸೋತಂತೆ ಆಗುತ್ತದೆ. ನನ್ನ ವಕಾಲತ್ತು ಅವನ ಪರ.

ಅವನಿಗೆ ಸಿಗುವುದೇನು? ವರದಿ ಬರೆಯಲು ಸಿನ್ಪೊ ಎಂಬ ಲೆಕ್ಕವಿದೆ. ಸಂಕೇತದ ಬಲ, ಬೇರೆ ಕೇಂದ್ರಗಳ ಅಡ್ಡಿ, ಗದ್ದಲ, ಏರಿಳಿತ, ಒಟ್ಟು ಗುಣಮಟ್ಟ, ಐದಕ್ಕೂ ಒಂದರಿಂದ ಐದರವರೆಗೆ ಅಂಕ. ಕೇಂದ್ರದವರನ್ನು ಖುಷಿಪಡಿಸಲು 55555 ಎಂದು ಬರೆಯಬಹುದು, ಆದರೆ ಅಂಥ ವರದಿ ಯಾರಿಗೂ ಬೇಡ. ಈಗಂತೂ ನೆದರ್‌ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ರಿಸೀವರನ್ನು ಇಂಟರ್‌ನೆಟ್ಟಿನಲ್ಲೇ ತಿರುಗಿಸಿ, ಹಾಸಿಗೆಯಿಂದ ಏಳದೆ ಯುರೋಪನ್ನು ಕೇಳಬಹುದು. ಅದನ್ನೇ ತನ್ನ ರೇಡಿಯೋದಲ್ಲಿ ಕೇಳಿದ್ದೆಂದು ಬರೆದರೆ ಹಿಡಿಯುವವರು ಯಾರು? ಕಾರ್ಡೂ ಬರಬಹುದು. ಆದರೂ ಇವನು ಬರೆಯುವುದಿಲ್ಲ. ಗರ ಗರ ಎನ್ನುವ ಸದ್ದಿನಲ್ಲಿ ಕೇಂದ್ರದ ಹೆಸರು ಸ್ಪಷ್ಟವಾಗಿ ಬೀಳುವ ತನಕ ಕಾಯುತ್ತಾನೆ, ಬೀಳದಿದ್ದರೆ ಪುಸ್ತಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮಲಗುತ್ತಾನೆ. ಕಚೇರಿಯಲ್ಲಿ ಹಾಜರಿ ಪುಸ್ತಕ, ಟಾರ್ಗೆಟ್ಟು, ಮೇಲಧಿಕಾರಿ ಎಲ್ಲ ಇದ್ದೂ ಸಿಗದ ಪ್ರಾಮಾಣಿಕತೆ ಇಲ್ಲಿ ಪುಕ್ಕಟೆಯಾಗಿ ನಡೆಯುತ್ತದೆ. ಇದನ್ನು ಲಾಭ ಎಂದು ಕರೆಯಲು ನನಗೆ ಮನಸ್ಸಿಲ್ಲ. ಆ ಪದ ಬಂದ ಕೂಡಲೇ ಮೇಲಧಿಕಾರಿಯೂ ಹಿಂದೆಯೇ ಬರುತ್ತಾನೆ.

ಇನ್ನೊಂದು ಸಿಗುತ್ತದೆ. ಸೂರ್ಯ ಮುಳುಗಿದ ಮೇಲೆ ಅಯಾನುಗೋಳದ ಕೆಳಪದರ ಕರಗಿ ಹೋಗಿ ಮೀಡಿಯಂವೇವ್‌ನಲ್ಲೂ ದೂರದ ದನಿಗಳು ಏಳುತ್ತವೆ. ಸುಮಾರು 11 ವರ್ಷಕ್ಕೊಮ್ಮೆ ಸೂರ್ಯನ ಕಲೆಗಳು ಹೆಚ್ಚಾದಾಗ, ವರ್ಷಗಟ್ಟಲೆ ಸತ್ತಂತಿದ್ದ ಮೇಲಿನ ಬ್ಯಾಂಡುಗಳಿಗೆ ಜೀವ ಬರುತ್ತದೆ. ಇವನಿಗೆ ಸೂರ್ಯ ಪಂಚಾಂಗದಲ್ಲಿ ಮಾತ್ರ ಇಲ್ಲ, ಕಿವಿಯಲ್ಲೂ ಇದ್ದಾನೆ. ಎಲ್‌ಇಡಿ ಬಲ್ಬು, ಚಾರ್ಜರುಗಳ ಗದ್ದಲದಲ್ಲಿ ನಗರದ ಶಾರ್ಟ್‌ವೇವ್ ಕೆಟ್ಟಿದೆ. ಹಾಗಾಗಿ ಕರೆಂಟು ಹೋದಾಗ ಬೀದಿಯೆಲ್ಲ ಶಪಿಸುತ್ತಿದ್ದರೆ ಇವನೊಬ್ಬ ಬ್ಯಾಟರಿ ರೇಡಿಯೋ ಹಿಡಿದು ತಾರಸಿಗೆ ಓಡುತ್ತಾನೆ. ಹುಚ್ಚು ಅನ್ನಿ, ಪರವಾಗಿಲ್ಲ. ಕನ್ನಡದಲ್ಲಿ ಹುಚ್ಚು ಎನ್ನುವಾಗ ಅರ್ಧ ಮುದ್ದೂ ಇರುತ್ತದೆ.

ಕೇಂದ್ರಗಳೇ ಮುಚ್ಚುತ್ತಿರುವಾಗ ಇದೆಲ್ಲ ಯಾಕೆ ಎಂದೂ ಕೇಳುತ್ತಾರೆ. 2012ರಲ್ಲಿ ರೇಡಿಯೋ ನೆದರ್‌ಲೆಂಡ್ಸ್ ಶಾರ್ಟ್‌ವೇವ್ ನಿಲ್ಲಿಸಿತು, 2020ರ ಜನವರಿ ಕೊನೆಗೆ ಬಿಬಿಸಿ ಹಿಂದಿಯೂ ನಿಲ್ಲಿಸಿತು. ಕೇಳುವವರು ಉಳಿದವನ್ನು ಕೇಳುತ್ತಿದ್ದಾರೆ. ಅದಕ್ಕಿಂತ ಹೆಚ್ಚಿನ ಉತ್ತರ ಬೇಕಿಲ್ಲ.

ನನಗೆ ನಿಜವಾಗಿ ಚುಚ್ಚುವ ಆಕ್ಷೇಪ ಬೇರೆ: ಇಂಥ ಬಿಡುವು ಯಾರಿಗಿದೆ? ಮೇಲೆಲ್ಲ ನಾನು ‘ಅವನು’ ಎಂದೇ ಬರೆದಿದ್ದೇನೆ, ಬೇಕೆಂದೇ. ಅವನು ತಾರಸಿಗೆ ಓಡುವಾಗ ಕತ್ತಲಲ್ಲಿ ಮೇಣದಬತ್ತಿ ಹುಡುಕುವವಳು ಬೇರೆ. ಅವಳು ಕೌದಿ ಹೊಲಿದರೆ, ಕಸೂತಿ ಹಾಕಿದರೆ ‘ಅದರಿಂದ ನಿಮಗೇನು ಸಿಗುತ್ತೆ’ ಎಂದು ಯಾರೂ ಕೇಳುವುದಿಲ್ಲ. ಕೌದಿ ಸಿಗುತ್ತಲ್ಲ, ಮನೆಗೆ! ಯಾವ ಕೆಲಸಕ್ಕೂ ಬಾರದ ಒಂದು ಗೀಳು ಅವಳಿಗೂ ಹತ್ತಬಹುದು ಎಂದು ನಾವು ಊಹಿಸುವುದೂ ಇಲ್ಲ. ಬಿಡುವಿಲ್ಲದವರು ಇದ್ದಾರೆ ಎಂಬುದು ಹವ್ಯಾಸಕ್ಕೆ ನಾಚಿಕೆಪಡಲು ಕಾರಣವಲ್ಲ, ಬಿಡುವಿನ ಹಂಚಿಕೆಗಾಗಿ ಜಗಳ ತೆಗೆಯಲು ಕಾರಣ. ಆ ಜಗಳ ಮನೆಯಲ್ಲೇ ಶುರುವಾಗಬೇಕು. ವಾರಕ್ಕೆರಡು ರಾತ್ರಿ ಅವಳಿಗೂ ಬೇಕು. ರೇಡಿಯೋ ಹಿಡಿದವರು ಆ ಎರಡು ರಾತ್ರಿಯ ಪಾತ್ರೆ ತೊಳೆಯಲಿ.