ಗಾಡಿ ಒಂದೂರಲ್ಲಿ, ಪತ್ರ ಇನ್ನೊಂದೂರಲ್ಲಿ



ಹಿಂದೂಪುರದ ಸುತ್ತಲ ಹಳ್ಳಿಗಳಿಂದ ತೂಮುಕುಂಟದ ಕಾರ್ಖಾನೆಗಳಿಗೆ, ಕಲ್ಯಾಣದುರ್ಗದ ಕಡೆ ಸಂತೆಗೆ, ಆಸ್ಪತ್ರೆಗೆ, ಭಾನುವಾರದ ಪೂಜೆಗೆ ನಮ್ಮ ಕುಟುಂಬಗಳು ನಂಬಿರುವುದು ಮೋಟಾರ್ ಬೈಕನ್ನೇ. ಹೆಲ್ಮೆಟ್ ಬಗ್ಗೆ, ವೇಗದ ಬಗ್ಗೆ ಎಲ್ಲರೂ ಬುದ್ಧಿ ಹೇಳುತ್ತಾರೆ. ಆದರೆ ಕಾರ್ಖಾನೆಯಲ್ಲೇ ಗಾಡಿಯೊಳಗೆ ಉಳಿದುಬಂದ ದೋಷದ ಬಗ್ಗೆ ನಾವು ಮಾತನಾಡುವುದು ಕಡಿಮೆ.

ಅಂಥ ದೋಷ ತಿಳಿದುಬಂದಾಗ ಕಂಪನಿಯು ಆ ಅವಧಿಯಲ್ಲಿ ತಯಾರಾದ ಗಾಡಿಗಳನ್ನು ಕರೆಸಿ, ಪರೀಕ್ಷಿಸಿ, ಕೆಟ್ಟ ಭಾಗವನ್ನು ಹಣ ಪಡೆಯದೆ ಬದಲಿಸಿಕೊಡುತ್ತದೆ. ಇದೇ ರೀಕಾಲ್. 2021ರ ಮೇ ತಿಂಗಳಲ್ಲಿ ರಾಯಲ್ ಎನ್‌ಫೀಲ್ಡ್ ಇಗ್ನಿಷನ್ ಕಾಯಿಲ್ ದೋಷಕ್ಕಾಗಿ ಭಾರತ ಮತ್ತು ಇತರ ಕೆಲವು ದೇಶಗಳ 2,36,966 ಬುಲೆಟ್, ಕ್ಲಾಸಿಕ್ ಹಾಗೂ ಮೀಟಿಯರ್ ಗಾಡಿಗಳನ್ನು ಕರೆಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಹಿಂದಿನ ಬ್ರೇಕಿನ ಒಂದು ಭಾಗಕ್ಕಾಗಿ ಮತ್ತೆ 26,300 ಕ್ಲಾಸಿಕ್ 350 ಗಾಡಿಗಳನ್ನು ಕರೆಸಿತು. ಹೋಂಡಾ ಕಂಪನಿ 2018ರಲ್ಲಿ ಮುಂದಿನ ಫೋರ್ಕಿನ ಬೋಲ್ಟಿಗಾಗಿ 56,194 ಸ್ಕೂಟರುಗಳನ್ನು ಕರೆಸಿತ್ತು. ನಮ್ಮ ಪೆನುಕೊಂಡದ ಬಳಿ ಕಾರು ತಯಾರಿಸುವ ಕಿಯಾ ಕೂಡ 2022ರಲ್ಲಿ 44,174 ಕಾರೆನ್ಸ್ ಕಾರುಗಳ ಏರ್‌ಬ್ಯಾಗ್ ತಂತ್ರಾಂಶವನ್ನು ಪರೀಕ್ಷಿಸಲು ಕರೆ ನೀಡಿತು. ಕರೆಸಿಕೊಳ್ಳುವುದು ಅವಮಾನವಲ್ಲ, ತಿಳಿದೂ ಸುಮ್ಮನಿರುವುದು ಅಪರಾಧ.

ಗಡಿನಾಡಿನ ನಮ್ಮ ತೊಂದರೆ ಬೇರೆಯದು. ಪಾವಗಡದಲ್ಲೋ ಗೌರಿಬಿದನೂರಿನಲ್ಲೋ ಬೆಂಗಳೂರಿನಲ್ಲೋ ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುತ್ತೇವೆ. ಆರ್‌ಸಿ ಹಳೆಯ ಮಾಲೀಕರ ಹೆಸರಿನಲ್ಲೇ ಉಳಿಯುತ್ತದೆ. ಕಂಪನಿಯ ಪತ್ರ, ಫೋನು ಹೋಗುವುದು ಅದರ ದಾಖಲೆಯಲ್ಲಿರುವ ಆ ಮಾಲೀಕರಿಗೆ. ಗಾಡಿ ಕಲ್ಯಾಣದುರ್ಗದಲ್ಲಿ ಓಡುತ್ತಿರುತ್ತದೆ, ಎಚ್ಚರಿಕೆಯ ಪತ್ರ ಬೆಂಗಳೂರಿನಲ್ಲಿ ಬಿದ್ದಿರುತ್ತದೆ.

ಆದ್ದರಿಂದ ಪತ್ರಕ್ಕಾಗಿ ಕಾಯದೆ ನಾವೇ ಕೇಳಬೇಕು. ಆರ್‌ಸಿಯಲ್ಲಿ ಚಾಸಿ ನಂಬರ್ ಇರುತ್ತದೆ. ಅದನ್ನು ಆ ಕಂಪನಿಯ ಯಾವುದೇ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ತೋರಿಸಿ, "ಈ ಗಾಡಿಗೆ ರೀಕಾಲ್ ಕೆಲಸ ಬಾಕಿ ಇದೆಯೇ?" ಎಂದು ಕೇಳಿರಿ. ಬಾಕಿ ಇದ್ದರೆ ಕೆಲಸ ಮಾಡಿಸಿ, ಜಾಬ್ ಕಾರ್ಡನ್ನು ಜೋಪಾನವಾಗಿಡಿರಿ. ನಮ್ಮ ಬೀದಿಯ ಮೆಕ್ಯಾನಿಕ್ ಎಷ್ಟೇ ನುರಿತವರಾದರೂ ಯಾವ ತಿಂಗಳ ಗಾಡಿಯಲ್ಲಿ ಯಾವ ಭಾಗ ಕೆಟ್ಟಿದೆ ಎಂಬ ಪಟ್ಟಿ ಅವರ ಬಳಿ ಇರುವುದಿಲ್ಲ. ಗಾಡಿ ಕೊಂಡ 30 ದಿನಗಳೊಳಗೆ ಹೆಸರು ಬದಲಾವಣೆಗೆ ಅರ್ಜಿ ಕೊಡಿರಿ. ಕರ್ನಾಟಕದ ಗಾಡಿಯಾದರೆ ಅಲ್ಲಿನ ಆರ್‌ಟಿಒ ಕಚೇರಿಯ ಎನ್‌ಒಸಿ ಬೇಕು.

ಕಾನೂನೂ ನಮ್ಮ ಪರವಾಗಿದೆ. 2012ರಲ್ಲಿ ವಾಹನ ತಯಾರಕರ ಸಂಘ ಸ್ವಯಂಪ್ರೇರಿತ ರೀಕಾಲ್ ಪದ್ಧತಿಯನ್ನು ತಂದಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 110ಎ ಕಲಮು, ದೋಷವುಳ್ಳ ಗಾಡಿಗಳನ್ನು ಕರೆಸುವಂತೆ ಕಂಪನಿಗೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. 2021ರ ಏಪ್ರಿಲ್‌ನಿಂದ ಇಂಥ ಆದೇಶವಾದಾಗ ಕಂಪನಿಗೆ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡವೂ ಉಂಟು. ಆದರೆ ಒಂದೇ ದೋಷದ ಬಗ್ಗೆ ನಿಗದಿತ ಸಂಖ್ಯೆಯ ಮಾಲೀಕರಿಂದ ದೂರು ಬಂದಾಗಲೇ ಈ ಚಕ್ರ ತಿರುಗುವುದು ಹೆಚ್ಚು. "ನಮ್ಮೊಬ್ಬರಿಂದ ಏನಾದೀತು?" ಎಂದು ಸುಮ್ಮನಾದರೆ ಆ ಎಣಿಕೆಯಲ್ಲಿ ಒಂದು ಕಡಿಮೆಯಾಗುತ್ತದೆ. ರೀಕಾಲ್ ಕೆಲಸಕ್ಕೆ ಯಾರಾದರೂ ಹಣ ಕೇಳಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಬಹುದು. ಗಾಡಿಯನ್ನು ಎಲ್ಲೇ ಕೊಂಡಿದ್ದರೂ, ನಾವು ವಾಸಿಸುವ ಜಾಗದ ಗ್ರಾಹಕ ಆಯೋಗದಲ್ಲೇ ದೂರು ಕೊಡಲು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಅವಕಾಶ ಕೊಟ್ಟಿದೆ.

ಗಾಡಿ ಮಾರಿದವರಿಗೂ ಒಂದು ಮಾತು. ಮಾರಿದ ಗಾಡಿಯ ಬಗ್ಗೆ ನಿಮ್ಮ ಫೋನಿಗೆ ಸಂದೇಶ ಬಂದರೆ "ಅದೀಗ ನಮ್ಮದಲ್ಲವಲ್ಲ" ಎಂದು ಅಳಿಸಬೇಡಿರಿ. ಕೊಂಡವರನ್ನು ಹುಡುಕಿ ತಿಳಿಸಿರಿ. ಅವರ ಹಿಂದಿನ ಸೀಟಿನಲ್ಲಿ ಹೆಂಡತಿ, ಮುಂದೆ ಟ್ಯಾಂಕಿನ ಮೇಲೆ ಮಗು ಕುಳಿತಿರಬಹುದು. ನೆರೆಯವರನ್ನು ಪ್ರೀತಿಸಲು ಒಮ್ಮೊಮ್ಮೆ ಒಂದು ಫೋನು ಸಾಕು.