ಕುದುರೆ ಕುಂಟಿದರೆ ಆಟ ಮುಗಿಯಿತು

ಈವೆಂಟಿಂಗ್ ಎಂದರೆ ಈವೆಂಟ್ ಮ್ಯಾನೇಜ್‌ಮೆಂಟ್ ಎಂದುಕೊಳ್ಳುವವರೇ ನಮ್ಮಲ್ಲಿ ಹೆಚ್ಚು. ಅದು ಒಲಿಂಪಿಕ್ಸ್‌ನಲ್ಲಿರುವ ಕುದುರೆ ಸವಾರಿ ಸ್ಪರ್ಧೆ. ಒಬ್ಬ ಸವಾರ, ಒಂದು ಕುದುರೆ, ಮೂರು ಪರೀಕ್ಷೆ. ಮೊದಲನೆಯದು ಡ್ರೆಸಾಜ್, ಇಲ್ಲಿ ಕುದುರೆಯ ಶಿಸ್ತಿನ ನಡಿಗೆಗೆ ಅಂಕ. ಎರಡನೆಯದು ಕ್ರಾಸ್‌ಕಂಟ್ರಿ, ಬಯಲಿನಲ್ಲಿ ಮರದ ದಿಮ್ಮಿ, ಹಳ್ಳ, ನೀರಿನ ಹೊಂಡ ದಾಟಿ ನಿಗದಿತ ಸಮಯದೊಳಗೆ ಗುರಿ ಮುಟ್ಟಬೇಕು. ಕೊನೆಯದು ಜಂಪಿಂಗ್, ತಾಗಿದರೆ ಉರುಳುವ ಅಡ್ಡಗಂಬಗಳನ್ನು ಬೀಳಿಸದೆ ಹಾರಬೇಕು. ತಪ್ಪಿಗೆಲ್ಲ ದಂಡದ ಅಂಕ, ದಂಡ ಕಡಿಮೆ ಇದ್ದವರು ಗೆದ್ದಂತೆ. ಗಂಡಸರಿಗೂ ಹೆಂಗಸರಿಗೂ ಒಂದೇ ಪಟ್ಟಿ. ಟೋಕಿಯೊದಲ್ಲಿ ವೈಯಕ್ತಿಕ ಚಿನ್ನ ಗೆದ್ದದ್ದು ಜರ್ಮನಿಯ ಯೂಲಿಯಾ ಕ್ರಾಯೆವ್‌ಸ್ಕಿ.

ಈ ಆಟದಲ್ಲಿ ನಮ್ಮ ರಾಜ್ಯದ ಹೆಸರೂ ಇದೆ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ವೈಯಕ್ತಿಕ ಬೆಳ್ಳಿ ಗೆದ್ದರು, ತಂಡಕ್ಕೂ ಬೆಳ್ಳಿ ಬಂತು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅದೇ ಸೆನ್ಯೂರ್ ಮೆಡಿಕಾಟ್ ಕುದುರೆಯೊಂದಿಗೆ ಫೈನಲ್ ತಲುಪಿ 23ನೇ ಸ್ಥಾನ ಪಡೆದರು. ನಡುವೆ ಗಾಯಗೊಂಡಿದ್ದ ಆ ಕುದುರೆ ಬಹುಕಾಲ ಸ್ಪರ್ಧೆಯಿಂದ ದೂರವೇ ಉಳಿದಿತ್ತು. ಸವಾರನ ಕನಸು ಎಷ್ಟೇ ದೊಡ್ಡದಿರಲಿ, ಪ್ರಾಣಿ ಗುಣವಾಗುವ ತನಕ ಕಾಯಲೇಬೇಕು.

ಕಾಯಿಸುವುದು ಬರೀ ಪ್ರೀತಿಯಲ್ಲ, ನಿಯಮವೂ ಹೌದು. ಕ್ರಾಸ್‌ಕಂಟ್ರಿ ಮುಗಿಸಿದ ಪ್ರತಿ ಕುದುರೆಯನ್ನೂ ಜಂಪಿಂಗ್‌ಗೆ ಮೊದಲು ತೀರ್ಪುಗಾರರು ಮತ್ತು ಪಶುವೈದ್ಯರ ಎದುರು ನಡೆಸಿ, ಓಡಿಸಿ ತೋರಿಸಬೇಕು. ಹೆಜ್ಜೆ ಕುಂಟಿದರೆ ಮೊದಲ ಸ್ಥಾನದಲ್ಲಿದ್ದವರೂ ಹೊರಗೆ. ಚಾವಟಿ ಅತಿಯಾದರೂ ಶಿಕ್ಷೆ ಇದೆ. ಹಾಗೆಂದು ಆ ಆಟ ನಿಷ್ಕಳಂಕವಲ್ಲ. ಟೋಕಿಯೊದ ಕ್ರಾಸ್‌ಕಂಟ್ರಿಯಲ್ಲಿ ಗಾಯಗೊಂಡ ಸ್ವಿಟ್ಜರ್‌ಲೆಂಡ್‌ನ ಜೆಟ್ ಸೆಟ್ ಎಂಬ ಕುದುರೆಗೆ ದಯಾಮರಣ ಕೊಡಬೇಕಾಯಿತು. ಇಷ್ಟು ನಿಯಮವಿದ್ದೂ ಹೀಗಾಗುವುದಾದರೆ, ನಿಯಮ ಸಡಿಲವಾದರೆ ಏನಾದೀತು?

ಇದನ್ನು ಮಂಗಳೂರಿನವರಾದ ನಾವು ಯೋಚಿಸಬೇಕು, ಯಾಕೆಂದರೆ ನಮ್ಮಲ್ಲಿ ಕಂಬಳವಿದೆ. 2014ರ ತೀರ್ಪಿನಿಂದ ನಿಂತಿದ್ದ ಕಂಬಳಕ್ಕೆ 2017ರ ರಾಜ್ಯದ ತಿದ್ದುಪಡಿ ದಾರಿ ಮಾಡಿತು. 2023ರ ಮೇ 18ರಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ನಾವು ಸಂಭ್ರಮಿಸಿದೆವು. ಆದರೆ ಕಂಬಳದ ಸುದ್ದಿ ದೇಶಕ್ಕೆಲ್ಲ ಹರಡಿದ್ದು ಓಡಿಸುವವರ ಸೆಕೆಂಡುಗಳ ಲೆಕ್ಕದಿಂದ, ಉಸೇನ್ ಬೋಲ್ಟ್ ಜೊತೆಗಿನ ಹೋಲಿಕೆಯಿಂದ. ಮುಂದೆ ಓಡಿದ ಕೋಣಗಳು ಮಂಜೊಟ್ಟಿ ಹತ್ತಿದ ಮೇಲೆ ಹೇಗಿದ್ದವೆಂದು ಕೇಳಿದವರು ಎಷ್ಟು ಮಂದಿ?

ಕೋಣ ಸಾಕುವ ಮನೆಗಳಿಗೆ ಪ್ರೀತಿಯ ಪಾಠ ಬೇಕಿಲ್ಲ. ಹುರುಳಿ ಬೇಯಿಸಿ ಹಾಕುವುದು, ಎಣ್ಣೆ ಹಚ್ಚಿ ತಿಕ್ಕುವುದು, ಈಜಿಸುವುದು ನಮಗೆಲ್ಲ ಗೊತ್ತು. ಆದರೆ ಹಟ್ಟಿಯೊಳಗಿನ ಪ್ರೀತಿ ಕೋರ್ಟಿಗೂ ಕಾಣದು, ಹೊರಗಿನವರಿಗೂ ಕಾಣದು. ಅದು ಕರೆಯ ಬಳಿ ಎಲ್ಲರ ಕಣ್ಣಿಗೆ ಬೀಳಬೇಕು. ರಾತ್ರಿಯಿಡೀ ನಡೆಯುವ ಕಂಬಳದಲ್ಲಿ ಸೆಮಿಫೈನಲ್‌ಗೆ ಮೊದಲು ಪ್ರತಿ ಜೋಡಿಯನ್ನೂ ಪಶುವೈದ್ಯರು ಪ್ರೇಕ್ಷಕರ ಎದುರೇ ಪರೀಕ್ಷಿಸಲಿ. ಯಾರ ಕೋಣವಾದರೂ ಸರಿ, ತಡೆಯುವ ಅಧಿಕಾರ ಅವರಿಗಿರಲಿ. ಫಲಿತಾಂಶವನ್ನು ಮೈಕಿನಲ್ಲೇ ಹೇಳಲಿ.

ಪಶುವೈದ್ಯಕೀಯ ಓದುತ್ತಿರುವ ಗೆಳೆಯರು ಈ ಕೆಲಸಕ್ಕೆ ಮುಂದೆ ಬರಬಹುದು. ಕಂಬಳದ ಅಭಿಮಾನಿಗಳಾದ ನಾವೇ ಇದನ್ನು ಕೇಳಬೇಕು. ನಾವು ಕೇಳದಿದ್ದರೆ, ಕಂಬಳವೇ ಬೇಡ ಎನ್ನುವವರು ಕೇಳುತ್ತಾರೆ.