ಒರೆಸುವವಳನ್ನು ಕೇಳಿದಿರಾ?

ಈಚೆಗೆ ಯಾವ ಊರಿನಲ್ಲಿ ಗೃಹಪ್ರವೇಶದ ಊಟಕ್ಕೆ ಹೋದರೂ ಒಂದು ಗೋಡೆಯನ್ನು ನೋಡಲೇಬೇಕಾಗುತ್ತದೆ. ಅದು ಟೀವಿಯ ಹಿಂದಿನ ಗೋಡೆ. ನೆಲದಿಂದ ಸೂರಿನವರೆಗೆ ಬೆರಳಗಲದ ಮರದ ಪಟ್ಟಿಗಳು, ಪಟ್ಟಿಗೂ ಪಟ್ಟಿಗೂ ನಡುವೆ ಒಂದೊಂದು ಸಂದು, ಮೇಲಿನಿಂದ ಹಳದಿ ದೀಪದ ಬೆಳಕು. ಬಂದವರೆಲ್ಲ ಎಷ್ಟು ಚೆನ್ನಾಗಿದೆ ಎನ್ನುತ್ತಾರೆ. ಚದರಡಿಗೆ ಎಷ್ಟು ಬಿತ್ತು ಎಂದು ಯಜಮಾನರು ವಿವರಿಸುತ್ತಾರೆ. ಮನೆಯಾಕೆ ಮಾತ್ರ ಒಳಗೆ ಕೋಸಂಬರಿ ಕಲೆಸುತ್ತಿರುತ್ತಾಳೆ. ಆ ಗೋಡೆಯ ಬಗ್ಗೆ ಅವಳನ್ನು ಯಾರೂ ಕೇಳಿರುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿಯೇ.

ಒಂದು ಸಣ್ಣ ಲೆಕ್ಕ ಹಾಕೋಣ. ಇದಕ್ಕೆ ಗಣಿತದ ಮೇಷ್ಟ್ರು ಬೇಕಿಲ್ಲ, ನನ್ನಂಥ ಸಮಾಜ ಪಾಠದ ಟೀಚರಿಗೂ ಬರುವ ಲೆಕ್ಕ. ಗೋಡೆ 8 ಅಡಿ ಅಗಲ, 9 ಅಡಿ ಎತ್ತರ ಎನ್ನಿ. ಇಂಚಿಗೊಂದು ಪಟ್ಟಿಯಾದರೆ 96 ಪಟ್ಟಿ, 95 ಸಂದು. ಒಂದೊಂದು ಸಂದೂ 9 ಅಡಿ ಉದ್ದ. ಒಟ್ಟು 855 ಅಡಿ! ಒಂದು ಫರ್ಲಾಂಗಿಗೆ 660 ಅಡಿ ಎಂದು ನಮ್ಮ ತಲೆಮಾರಿನವರು ಬಾಯಿಪಾಠ ಮಾಡಿದ್ದೆವು. ಅಂದರೆ ಪ್ರತಿ ಸಲ ಧೂಳು ತೆಗೆಯುವಾಗಲೂ ಒಬ್ಬ ಹೆಂಗಸು ಬೆರಳಿಗೆ ಬಟ್ಟೆ ಸುತ್ತಿಕೊಂಡು ಒಂದು ಫರ್ಲಾಂಗಿಗಿಂತ ಹೆಚ್ಚು ದೂರ ಗೋಡೆಯ ಮೇಲೆ ನಡೆಯಬೇಕು, ಅದೂ ಸ್ಟೂಲು ಹತ್ತಿ ಇಳಿದು. ಮಣ್ಣುರಸ್ತೆಯ ಪಕ್ಕದ ಮನೆಯಾದರೆ ಬೇಸಿಗೆಯಲ್ಲಿ ಎಷ್ಟು ದಿನಕ್ಕೊಮ್ಮೆ ಎಂದು ನೀವೇ ಹೇಳಿ. ನುಣ್ಣನೆಯ ಸುಣ್ಣದ ಗೋಡೆಗೆ ಉದ್ದ ಕಡ್ಡಿಯ ಪೊರಕೆ ಸಾಕಿತ್ತು.

ಹಾಗೆಂದು ನನಗೆ ಮರದ ಪಟ್ಟಿಯ ಮೇಲೆ ದ್ವೇಷವಿಲ್ಲ. ದ್ವೇಷ ಇರುವುದು ಅದನ್ನು ಬೇಡದ ಕಡೆ ಮೆತ್ತಿ, ಬೇಕಾದ ಕಡೆ ಇಲ್ಲವೆನ್ನುವ ಬುದ್ಧಿಯ ಮೇಲೆ. ಪಟ್ಟಿ ಹೀಗೆ ಸಾಲಾಗಿ ನಿಂತದ್ದು ಮೊದಲು ಅಲಂಕಾರಕ್ಕಲ್ಲ, ಕೆಲಸಕ್ಕೆ. ಇದಕ್ಕೆ ಟಾಂಬೂರ್ ಎಂದು ಹೆಸರು. ಫ್ರೆಂಚ್ ಭಾಷೆಯಲ್ಲಿ ಆ ಮಾತಿಗೆ ಡೋಲು ಎಂದರ್ಥ. ಗಟ್ಟಿ ಮರದ ಸಣ್ಣ ಪಟ್ಟಿಗಳನ್ನು ಒಂದರ ಪಕ್ಕ ಒಂದು ಜೋಡಿಸಿ, ಹಿಂಬದಿಗೆ ಕ್ಯಾನ್ವಾಸ್ ಬಟ್ಟೆಯನ್ನು ಗೋಂದಿನಿಂದ ಅಂಟಿಸುತ್ತಾರೆ. ಗೋಂದು ಬಟ್ಟೆಗೂ ಪಟ್ಟಿಗೂ ನಡುವೆ ಮಾತ್ರ. ಪಟ್ಟಿಗೂ ಪಟ್ಟಿಗೂ ನಡುವೆ ಇಳಿಯಬಾರದು. ಆಗ ಅಷ್ಟು ಗಟ್ಟಿಯಾದ ಮರವೂ ಚಾಪೆಯ ಹಾಗೆ ಬಾಗುತ್ತದೆ. ಪಟ್ಟಿಗಳ ಎರಡು ತುದಿಯನ್ನೂ ಪೆಟ್ಟಿಗೆಯ ಅಕ್ಕಪಕ್ಕದಲ್ಲಿ ಕೊರೆದ ತೋಡಿನಲ್ಲಿ ಕೂರಿಸಿದರೆ, ಎಳೆದಾಗ ಬಾಗಿಲು ಮೇಲಕ್ಕೆ ಜಾರಿ, ತಿರುವಿನಲ್ಲಿ ಬಾಗಿ, ಪೆಟ್ಟಿಗೆಯ ಹಿಂದೆ ಮರೆಯಾಗುತ್ತದೆ. ನಮ್ಮ ಪೇಟೆಯ ಅಂಗಡಿಗಳ ಕಬ್ಬಿಣದ ಷಟರ್ ಇದೇ ಜಾತಿಯದು. ಅದಕ್ಕೂ ಮೊದಲು ಅಂಗಡಿಯವರು ಒಂದು, ಎರಡು ಎಂದು ನಂಬರು ಬರೆದ ಹಲಗೆಗಳನ್ನು ಬೆಳಿಗ್ಗೆ ಒಂದೊಂದಾಗಿ ತೆಗೆದು, ರಾತ್ರಿ ಒಂದೊಂದಾಗಿ ತೂರಿಸುತ್ತಿದ್ದರು. ಆ ಶ್ರಮವನ್ನು ಒಂದೇ ಎಳೆತಕ್ಕೆ ಇಳಿಸಿದ್ದು ಈ ಉಪಾಯ.

ಮರದ ಉರುಳುಬಾಗಿಲು ಹೆಸರಾದದ್ದು ಎಲ್ಲಿ ಗೊತ್ತೆ? ಆಫೀಸಿನ ಮೇಜಿನಲ್ಲಿ. ಅಮೆರಿಕದ ಬಫಲೋ ನಗರದ ಆಬ್ನರ್ ಕಟ್ಲರ್ ಎಂಬಾತ 1882ರಲ್ಲಿ ಇಂಥ ಮೇಜಿಗೆ ಪೇಟೆಂಟ್ ಪಡೆದ. ಸಾಹೇಬರ ಕಾಗದಗಳು ಚೆಲ್ಲಾಪಿಲ್ಲಿಯಾಗಿರಲಿ, ಮಸಿ ಕುಡಿಕೆಯ ಮುಚ್ಚಳ ತೆರೆದೇ ಇರಲಿ, ಸಂಜೆ ಬಾಗಿಲು ಎಳೆದು ಬೀಗ ಹಾಕಿದರೆ ಎಲ್ಲವೂ ಅಚ್ಚುಕಟ್ಟು! ಬೆಳಿಗ್ಗೆ ಬಂದು ಬಿಟ್ಟ ಜಾಗದಿಂದಲೇ ಕೆಲಸ ಶುರು. ಗಂಡಸಿನ ಅರೆಬರೆ ಕೆಲಸವನ್ನು ಮುಚ್ಚಿಡಲು ಮರದ ಕುಶಲತೆಯನ್ನೆಲ್ಲ ಸುರಿದರು. ದಿನಕ್ಕೆ ಮೂರು ಬಾರಿ ಅರೆಬರೆ ಕೆಲಸ ಬಿಟ್ಟು ಬಾಗಿಲು ತೆಗೆಯಲು ಓಡುವವಳ ಅಡಿಗೆಕಟ್ಟೆಗೆ ಅದು ಬೇಕೆಂದು ನಮ್ಮಲ್ಲಿ ಹೆಚ್ಚಿನವರಿಗೆ ಹೊಳೆಯಲಿಲ್ಲ.

ನಮಗೆ ಸಿಕ್ಕಿದ್ದು ಎದುರಿಗೆ ತೆರೆದುಕೊಳ್ಳುವ ಬಾಗಿಲು. ಮೇಲಿನ ಕಪಾಟಿನದು ತೆರೆದಿದ್ದರೆ ಹಣೆಗೆ ಬಡಿಯುತ್ತದೆ. ಕಟ್ಟೆಯ ಮಟ್ಟದಲ್ಲಿದ್ದರೆ ಮುಂದಿರುವ ಪಾತ್ರೆಗಳನ್ನೆಲ್ಲ ಸರಿಸಿದ ಮೇಲೆಯೇ ತೆರೆಯುವುದು. ಆದ್ದರಿಂದ ಮಿಕ್ಸಿ ಕಟ್ಟೆಯ ಮೇಲೆಯೇ ಇರುತ್ತದೆ, ಅದರ ಮೇಲೆ ಒಂದು ಬಟ್ಟೆ. ಆ ಮೂಲೆಗೆ ಒಂದು ಉರುಳುಬಾಗಿಲಿನ ಪೆಟ್ಟಿಗೆ ಕೂರಿಸಿದರೆ ಮಿಕ್ಸಿ, ಜಾರು, ಡಬ್ಬಿಗಳು ಇದ್ದಲ್ಲಿಯೇ ಇರುತ್ತವೆ. ಬಾಗಿಲು ಇಡೀ ಬೆಳಿಗ್ಗೆ ತೆರೆದಿದ್ದರೂ ಯಾರ ದಾರಿಗೂ ಅಡ್ಡವಿಲ್ಲ.

ನಮ್ಮ ಅಡಿಗೆಮನೆ ರಿಪೇರಿಯಾದಾಗ ಒಳಾಂಗಣದ ಕೆಲಸ ಮಾಡುವ ಒಬ್ಬರ ಮುಂದೆ ಇದನ್ನೇ ಹೇಳಿದೆ. ಆತ ನನ್ನ ಮಾತು ಕೇಳಿಸಿಕೊಂಡು ಉತ್ತರವನ್ನು ನಮ್ಮ ಯಜಮಾನರಿಗೆ ಕೊಟ್ಟರು: "ಅಷ್ಟು ದುಡ್ಡನ್ನು ಅಡಿಗೆಮನೆಗೆ ಯಾಕೆ ಹಾಕ್ತೀರಿ ಸಾರ್, ಹಾಲಿನ ಗೋಡೆಗೆ ಹಾಕಿ, ಬಂದವರು ನೋಡ್ತಾರೆ." ದಿನವಿಡೀ ಬಳಸುವವಳಿಗಿಂತ ವರ್ಷಕ್ಕೊಮ್ಮೆ ಬಂದು ನೋಡುವವರು ಹೆಚ್ಚು! ಜೊತೆಗೆ ಅವರು ತೋರಿಸಿದ ಮಾದರಿ ಮರವೂ ಅಲ್ಲ, ಮರದ ಬಣ್ಣ ಬಳಿದ ಪ್ಲಾಸ್ಟಿಕ್. ಬಾಗುವುದಿಲ್ಲ, ಉರುಳುವುದಿಲ್ಲ, ಉಜ್ಜಿ ಹೊಸದು ಮಾಡಲು ಬರುವುದಿಲ್ಲ. ಪಟ್ಟಿಯ ಕೆಲಸ ಹೋಗಿ ಅದರ ಗೆರೆ ಮಾತ್ರ ಉಳಿದಿದೆ. ಅವರನ್ನು ಕಳಿಸಿ, ನಮ್ಮೂರಿನ ಬಡಗಿಯ ಕೈಯಲ್ಲೇ ಮಾಡಿಸಿದೆ.

ಇದರ ಮೇಲೆ ಮೂರು ಆಕ್ಷೇಪಗಳನ್ನು ಕೇಳಿದ್ದೇನೆ. ಮೊದಲನೆಯದು, ನಮ್ಮ ಮಳೆಗಾಲಕ್ಕೆ ಮರ ಉಬ್ಬಿ ಬಾಗಿಲು ಕಚ್ಚಿಕೊಳ್ಳುತ್ತದೆ ಎಂಬುದು. ಮರ ಥಂಡಿಗೆ ಉಬ್ಬುವುದು ಅಗಲಕ್ಕೆ, ಉದ್ದಕ್ಕೆ ಲೆಕ್ಕಕ್ಕಿಲ್ಲದಷ್ಟು. ಅಗಲವಾದ ಹಲಗೆ ಬಾಗಿಲು ಆಷಾಢದಲ್ಲಿ ಚೌಕಟ್ಟಿಗೆ ಕಚ್ಚಿಕೊಳ್ಳುವುದು ಅದಕ್ಕೇ. ಇಲ್ಲಿ ತೋಡಿನೊಳಗೆ ಕೂರುವುದು ಪಟ್ಟಿಯ ಉದ್ದದ ತುದಿ. ನೇರ ಎಳೆಯ, ಚೆನ್ನಾಗಿ ಒಣಗಿದ ಸಾಗುವಾನಿ ಆರಿಸಿ, ತೋಡಿನಲ್ಲಿ ಕೂದಲೆಳೆಗಿಂತ ತುಸು ಹೆಚ್ಚು ಸಡಿಲ ಬಿಟ್ಟು, ಆಗಾಗ ಮೇಣದಬತ್ತಿ ಉಜ್ಜಿದರೆ ಸಾಕು. ಪಾಲಿಶ್ ಮಾತ್ರ ಸಂದಿಗೆ ಇಳಿದು ಪಟ್ಟಿಗಳನ್ನು ಅಂಟಿಸಬಾರದು. ಜೋಡಿಸುವ ಮೊದಲೇ ಬಳಿಯಿರಿ ಎಂದು ಬಡಗಿಗೆ ಹೇಳಿ.

ಎರಡನೆಯದು, ಅಡಿಗೆಮನೆಯ ಜಿಡ್ಡು. ಒಪ್ಪುತ್ತೇನೆ, ಒಗ್ಗರಣೆಯ ಹೊಗೆ ಹೊಡೆಯುವ ಕಡೆ ಇದನ್ನು ಇಡಬಾರದು. ಒಲೆಯಿಂದ ದೂರದ ಮೂಲೆಗೇ ಸರಿ. ಆದರೆ ಮತ್ತೆ ಲೆಕ್ಕ ಹಾಕಿ. 3 ಅಡಿ ಅಗಲ, 2 ಅಡಿ ಎತ್ತರದ ಬಾಗಿಲಿಗೆ ಇಂಚಿನ 24 ಪಟ್ಟಿ, 23 ಸಂದು, ಒಟ್ಟು 69 ಅಡಿ. ನಿಂತಲ್ಲಿಂದಲೇ ಕೈಗೆ ಎಟುಕುವುದು. ಆ 855 ಅಡಿಯ ಮುಂದೆ ಇದು ಯಾವ ಮಹಾ? ಪಟ್ಟಿಯ ಮುಖ ಉಬ್ಬುತಗ್ಗಿಲ್ಲದೆ ಸಮತಟ್ಟಾಗಿದ್ದರೆ ಇನ್ನೂ ಸಲೀಸು.

ಮೂರನೆಯದು ದುಬಾರಿ ಎಂಬುದು. ನಿಜ, ಸಾಮಾನ್ಯ ಬಾಗಿಲಿಗಿಂತ ಕೂಲಿ ಹೆಚ್ಚು ಬೀಳುತ್ತದೆ. ಬಾಗಿಲು ಹಿಂದೆ ಸರಿಯುವ ಜಾಗವೂ ಬೇಕಾದ್ದರಿಂದ ಕಪಾಟಿನ ಒಳಗಿನ ಆಳ ಸ್ವಲ್ಪ ಕಡಿಮೆಯಾಗುತ್ತದೆ. ಆದರೆ 72 ಚದರಡಿ ಗೋಡೆಗೆ ಹಣ ಸುರಿಯುವಾಗ ಬಾರದ ದುಬಾರಿಯ ಮಾತು 6 ಚದರಡಿಯ ಬಾಗಿಲಿಗೆ ಬರುವುದು ಹೇಗೆ? ಆ ಹೆಚ್ಚಿನ ಕೂಲಿ ಹೋಗುವುದು ಬಡಗಿಯ ಕೈಗೆ. ಗೋಡೆಗೆ ಪ್ಲಾಸ್ಟಿಕ್ ಅಂಟಿಸಲು ಅವನ ವಿದ್ಯೆ ಬೇಕಿಲ್ಲ, ಇದಕ್ಕೆ ಬೇಕು.

ಬ್ಯಾಂಕಿನ ಕಂಬಕ್ಕೋ ಹೋಟೆಲಿನ ದುಂಡನೆಯ ಕೌಂಟರಿಗೋ ಬಾಗುವ ಪಟ್ಟಿ ಸುತ್ತುವುದಾದರೆ ನನ್ನ ಅಡ್ಡಿಯಿಲ್ಲ. ಅಲ್ಲಿ ಒರೆಸುವವರಿಗೆ ಸಂಬಳವಿದೆ. ಮನೆಯಲ್ಲಿ ಒರೆಸುವವಳು ನೀವು, ಇಲ್ಲವೇ ಕಡಿಮೆ ದುಡ್ಡಿಗೆ ನಿಮ್ಮಲ್ಲಿ ದುಡಿಯುವ ಇನ್ನೊಬ್ಬ ಹೆಂಗಸು. ಆದ್ದರಿಂದ ಮುಂದಿನ ಸಲ ಬಣ್ಣದ ಪುಸ್ತಕ ಹಿಡಿದು ಯಾರಾದರೂ ಮನೆಗೆ ಬಂದರೆ ಕಾಫಿ ಕೊಟ್ಟು ಒಳಗೆ ಹೋಗಬೇಡಿ. ಕುರ್ಚಿ ಎಳೆದುಕೊಂಡು ಎದುರಿಗೆ ಕೂತುಕೊಳ್ಳಿ. ಇದು ಮರವೋ ಪ್ಲಾಸ್ಟಿಕ್ಕೋ, ಇದು ಚಲಿಸುತ್ತದೆಯೋ ಸುಮ್ಮನೆ ನಿಲ್ಲುತ್ತದೆಯೋ, ಇದನ್ನು ಒರೆಸುವವರು ಯಾರು ಎಂದು ಮೂರು ಪ್ರಶ್ನೆ ಕೇಳಿ. ಮೂರನೆಯದಕ್ಕೆ ಅವರು ನಿಮ್ಮ ಯಜಮಾನರ ಮುಖ ನೋಡಿದರೆ, ಆ ಪುಸ್ತಕವನ್ನು ನೀವೇ ಮುಚ್ಚಿ ಕೈಗೆ ಕೊಡಿ.